ಬೇಕರಿ ಬಾಟಲಿಯೋ, ಕಬ್ಬಿನ ಹಾಲೋ, ಮಜ್ಜಿಗೆಯೋ: ಹದಿಹರೆಯದವರ ಪಾನೀಯಗಳ ಒಂದು ಹೋಲಿಕೆ

ಕೋಲಾರದ ಬಸ್ ನಿಲ್ದಾಣದ ಸುತ್ತಮುತ್ತ ಬೆಳಿಗ್ಗೆ ಎಂಟೂವರೆಯ ಹೊತ್ತಿಗೆ ಓಡಾಡುವವರಿಗೆ ಈ ನೋಟ ಹೊಸದಲ್ಲ. ಶ್ರೀನಿವಾಸಪುರ, ಮುಳಬಾಗಿಲು, ಮಾಲೂರು ಕಡೆಯ ಹಳ್ಳಿಗಳಿಂದ ಮೊದಲ ಬಸ್ಸು ಹಿಡಿದು ಬಂದ ಪಿಯು ವಿದ್ಯಾರ್ಥಿಗಳು, ಮನೆಯಲ್ಲಿ ತಿಂಡಿ ತಿನ್ನಲು ಹೊತ್ತು ಸಿಕ್ಕದೆ, ಬೇಕರಿಯಲ್ಲಿ ಒಂದು ಪಪ್ಸ್ ಮತ್ತು ಇಪ್ಪತ್ತು ರೂಪಾಯಿಯ ಒಂದು ತಂಪುಪಾನೀಯ ಕೊಂಡು ಕಾಲೇಜಿನ ಕಡೆ ನಡೆಯುತ್ತಾರೆ. ಜೀವಶಾಸ್ತ್ರ ಪಾಠ ಮಾಡುವ ನನ್ನನ್ನು ಪೋಷಕರ ಸಭೆಯ ದಿನ ಕನಿಷ್ಠ ಒಬ್ಬಿಬ್ಬರಾದರೂ ಪಕ್ಕಕ್ಕೆ ಕರೆದು ಕೇಳುವ ಪ್ರಶ್ನೆಯೂ ಇದರ ಬಗ್ಗೆಯೇ ಇರುತ್ತದೆ: 'ಮೇಷ್ಟ್ರೇ, ಹುಡುಗ ಒಂದೇ ವರ್ಷದಲ್ಲಿ ದಪ್ಪ ಆಗಿಬಿಟ್ಟ. ಕೂಲ್‌ಡ್ರಿಂಕ್ಸ್ ಬಿಡಿಸಿ ಜ್ಯೂಸ್ ಕೊಡಿಸಲಾ?' ಈ ಪ್ರಶ್ನೆಗೆ ಹೌದು ಎಂದೋ ಅಲ್ಲ ಎಂದೋ ಒಂದೇ ಮಾತಿನಲ್ಲಿ ಉತ್ತರಿಸಿ ನಾನೇ ಕೆಲವು ಸಲ ತಪ್ಪು ದಾರಿ ತೋರಿಸಿದ್ದೇನೆ. ಕೂಲ್‌ಡ್ರಿಂಕ್ಸ್ ಬಿಡಿಸಿದ ಮನೆಯಲ್ಲಿ ಅದರ ಜಾಗಕ್ಕೆ ಏನು ಬಂತು ಎಂಬುದನ್ನು ನಾನು ಕೇಳಿರಲಿಲ್ಲ.

ಹಾಗಾಗಿ ಇಲ್ಲಿ ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಸೀಮೆಯ ಮಕ್ಕಳ ಕೈಗೆ ನಿಜವಾಗಿ ಸಿಗುವ ಪಾನೀಯಗಳನ್ನು ಮಾತ್ರ ಹೋಲಿಸಿದ್ದೇನೆ. ಕಂಪನಿಯದ್ದು ಕೆಟ್ಟದ್ದು, ಕಣ್ಣೆದುರು ಹಿಂಡಿಕೊಟ್ಟದ್ದು ಒಳ್ಳೆಯದು ಎಂಬ ನಮ್ಮ ರೂಢಿಯ ವಿಂಗಡಣೆ ತೂಕದ ವಿಷಯದಲ್ಲಿ ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ. ಲೋಟದಲ್ಲಿರುವ ಸಕ್ಕರೆ ಎಷ್ಟು, ಅದು ಹೊಟ್ಟೆಗೆ ಆಸರೆಯಾಗುತ್ತದೆಯೇ, ವಾರಕ್ಕೆ ಎಷ್ಟು ಸಲ ಕುಡಿಯುತ್ತಾರೆ ಎಂಬ ಮೂರನ್ನು ಮುಂದಿಟ್ಟುಕೊಂಡು ನೋಡಿದರೆ ಮಾತ್ರ ಯಾವುದು ಯಾವುದಕ್ಕಿಂತ ಮೇಲು ಎಂದು ತಿಳಿಯುತ್ತದೆ.

ಮೊದಲು ಅಳತೆಗೋಲು

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ದಿನದ ಒಟ್ಟು ಕ್ಯಾಲೊರಿಯಲ್ಲಿ ಸಕ್ಕರೆಯ ಪಾಲು ಶೇ 10ನ್ನು ಮೀರಬಾರದು. ಶೇ 5ಕ್ಕಿಂತ ಕಡಿಮೆಗೆ ಇಳಿಸಿದರೆ ಇನ್ನೂ ಒಳ್ಳೆಯದು. ದಿನಕ್ಕೆ 2000 ಕ್ಯಾಲೊರಿಯ ಲೆಕ್ಕದಲ್ಲಿ ಇದು ಕ್ರಮವಾಗಿ 50 ಗ್ರಾಂ ಮತ್ತು 25 ಗ್ರಾಂ ಆಗುತ್ತದೆ. ಅಮೆರಿಕದ ಹೃದಯ ಸಂಘವೂ 2ರಿಂದ 18 ವರ್ಷದ ಮಕ್ಕಳಿಗೆ ದಿನಕ್ಕೆ 25 ಗ್ರಾಂಗಿಂತ ಕಡಿಮೆ ಎಂದೇ 2016ರಲ್ಲಿ ಹೇಳಿದೆ. ಇಲ್ಲಿ ಸಕ್ಕರೆಯೆಂದರೆ ಅಂಗಡಿಯ ಬಿಳಿ ಸಕ್ಕರೆಯೊಂದೇ ಅಲ್ಲ. ಬೆಲ್ಲ, ಜೇನುತುಪ್ಪ, ಹಣ್ಣಿನಿಂದ ಹಿಂಡಿದ ರಸದಲ್ಲಿರುವ ಸಿಹಿ ಎಲ್ಲವೂ ಈ ಲೆಕ್ಕಕ್ಕೆ ಸೇರುತ್ತವೆ. ಇಡೀ ಹಣ್ಣಿನಲ್ಲಿರುವ ಸಿಹಿ ಮತ್ತು ಹಾಲಿನ ಸಹಜ ಸಿಹಿ ಸೇರುವುದಿಲ್ಲ.

ಬಾಟಲಿಯ ಹಿಂಬದಿಯ ಪಟ್ಟಿಯಲ್ಲಿ 100 ಮಿ.ಲೀ.ಗೆ ಎಷ್ಟು ಗ್ರಾಂ ಸಕ್ಕರೆ ಎಂದು ಮುದ್ರಿಸಿರುತ್ತಾರೆ. ಸಾಮಾನ್ಯ ಕೋಲಾದಲ್ಲಿ ಇದು 10ರಿಂದ 11 ಗ್ರಾಂ. 250 ಮಿ.ಲೀ. ಬಾಟಲಿಯನ್ನು ಪೂರ್ತಿ ಕುಡಿದರೆ ಸುಮಾರು 26 ಗ್ರಾಂ, ಎಂದರೆ ಹೆಚ್ಚುಕಡಿಮೆ ಆರು ಟೀ ಚಮಚ ಸಕ್ಕರೆ ಒಳಗೆ ಹೋಗುತ್ತದೆ. ಇದೇ ಪಟ್ಟಿಯಲ್ಲಿ ದಿನದ ಅಗತ್ಯದ ಶೇಕಡಾ ಇಷ್ಟು ಎಂಬ ಅಂಕಿಯೂ ಇರುತ್ತದೆ. ಅದನ್ನು ನಂಬಿ ಸಮಾಧಾನಪಡಬೇಡಿ. ನಮ್ಮ ದೇಶದ ನಿಯಮದಲ್ಲಿ ಆ ಲೆಕ್ಕವನ್ನು 50 ಗ್ರಾಂ ಆಧಾರದ ಮೇಲೆ ಮಾಡುವುದರಿಂದ, ಮಗುವಿನ ಪಾಲಿಗೆ ದಿನದ ಕೋಟಾ ಮುಗಿದಿದ್ದರೂ ಬಾಟಲಿ ಮಾತ್ರ ಅರ್ಧ ಮುಗಿಯಿತು ಎನ್ನುತ್ತದೆ. ಹಲವು ಬಾಟಲಿಗಳಲ್ಲಿ ಆ ಅಂಕಿ ಇಡೀ ಬಾಟಲಿಗೂ ಅಲ್ಲ, ಒಂದು ಬಾರಿ ಬಡಿಸುವ ಅಳತೆಗೆ ಮಾತ್ರ.

ಕುಡಿದ ಸಕ್ಕರೆ, ತಿಂದ ಸಕ್ಕರೆ

ಸಿಹಿ ಎಲ್ಲಿದ್ದರೂ ಸಿಹಿಯೇ, ಜಿಲೇಬಿಯನ್ನು ಬಿಟ್ಟು ಬಾಟಲಿಯನ್ನೇ ಏಕೆ ಹಿಡಿದುಕೊಂಡಿರಿ ಎಂದು ತರಗತಿಯಲ್ಲಿ ಒಬ್ಬ ಹುಡುಗಿ ನನ್ನನ್ನು ಕೇಳಿದಳು. ಕೇಳಬೇಕಾದ ಪ್ರಶ್ನೆಯೇ. 2000ದಲ್ಲಿ ಅಮೆರಿಕದಲ್ಲಿ ನಡೆದ ಒಂದು ಪುಟ್ಟ ಪ್ರಯೋಗದಲ್ಲಿ, 15 ಮಂದಿಗೆ ನಾಲ್ಕು ವಾರ ದಿನಕ್ಕೆ 450 ಕ್ಯಾಲೊರಿಯಷ್ಟು ಸಕ್ಕರೆಯನ್ನು ಅಗಿಯುವ ಮಿಠಾಯಿಯಾಗಿ, ಇನ್ನು ನಾಲ್ಕು ವಾರ ಅಷ್ಟೇ ಸಕ್ಕರೆಯನ್ನು ಸೋಡಾ ಆಗಿ ಕೊಟ್ಟರು. ಮಿಠಾಯಿ ತಿಂದ ವಾರಗಳಲ್ಲಿ ಅವರು ತಮಗೇ ತಿಳಿಯದಂತೆ ಬೇರೆ ಊಟವನ್ನು ಅಷ್ಟರಮಟ್ಟಿಗೆ ಕಡಿಮೆ ಮಾಡಿದ್ದರು; ಸೋಡಾ ಕುಡಿದ ವಾರಗಳಲ್ಲಿ ಊಟ ಎಂದಿನಂತೆಯೇ ನಡೆದು, ಸೋಡಾ ಅದರ ಮೇಲೆ ಕೂತಿತ್ತು. ಅಗಿಯದೆ ಗಂಟಲಿನಿಂದ ಸರಕ್ಕನೆ ಇಳಿದುಹೋದದ್ದನ್ನು ಹೊಟ್ಟೆ ಊಟವೆಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸಂಕ್ರಾಂತಿಯ ದಿನ ಒಂದು ಜಲ್ಲೆ ಕಬ್ಬನ್ನು ಸಿಗಿದು ಅಗಿದು ಮುಗಿಸಲು ಎಷ್ಟು ಹೊತ್ತು ಬೇಕು, ದವಡೆ ಎಷ್ಟು ನೋಯುತ್ತದೆ ಎಂಬುದು ನಮಗೆಲ್ಲ ಗೊತ್ತು. ಅದೇ ಕಬ್ಬಿನ ರಸವನ್ನು ಗಾಣದ ಅಂಗಡಿಯ ಮುಂದೆ ನಿಂತವರು ಅರ್ಧ ನಿಮಿಷದಲ್ಲಿ ಕುಡಿದು ಲೋಟ ಕೆಳಗಿಡುತ್ತಾರೆ.

ಹಾಗೆಂದು ತೂಕದ ಲೆಕ್ಕವನ್ನು ಹಿಗ್ಗಿಸಿ ಹೆದರಿಸುವುದೂ ಸರಿಯಲ್ಲ. ದಿನಕ್ಕೊಂದು ಬಾಟಲಿ ನೂರು ಕ್ಯಾಲೊರಿ, ಹಾಗಾದರೆ ವರ್ಷಕ್ಕೆ ಇಷ್ಟು ಕಿಲೋ ಎಂದು ಗುಣಾಕಾರ ಮಾಡುವವರ ವಿಡಿಯೋಗಳು ಫೋನಿನಲ್ಲಿ ಹರಿದಾಡುತ್ತವೆ. ದೇಹ ಆ ರೀತಿ ಅಂಗಡಿಯ ತಕ್ಕಡಿಯಂತೆ ನಡೆದುಕೊಳ್ಳುವುದಿಲ್ಲ. ನೆದರ್ಲೆಂಡ್ಸ್‌ನಲ್ಲಿ ಸುಮಾರು 5ರಿಂದ 12 ವರ್ಷದೊಳಗಿನ 641 ಮಕ್ಕಳಿಗೆ 18 ತಿಂಗಳ ಕಾಲ ದಿನಕ್ಕೆ 250 ಮಿ.ಲೀ. ಪಾನೀಯ ಕೊಟ್ಟು ನಡೆಸಿದ, 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 104 ಕ್ಯಾಲೊರಿಯ ಸಿಹಿಪಾನೀಯ ಕುಡಿದ ಗುಂಪಿನ ಮಕ್ಕಳ ತೂಕ ಸರಾಸರಿ 7.37 ಕಿಲೋ ಏರಿದರೆ, ಸಕ್ಕರೆಯಿಲ್ಲದ ಅಂಥದ್ದೇ ಪಾನೀಯ ಕುಡಿದವರದ್ದು 6.35 ಕಿಲೋ ಏರಿತ್ತು. ಗುಣಾಕಾರದ ಲೆಕ್ಕ ಏಳು ಕಿಲೋ ಎನ್ನುತ್ತಿತ್ತು. ನಿಜವಾದ ವ್ಯತ್ಯಾಸ ಒಂದು ಕಿಲೋ. ಆದರೆ ಬೇರೇನೂ ಬದಲಿಸದೆ, ಒಂದೇ ಒಂದು ಲೋಟದಿಂದ ಆದ ವ್ಯತ್ಯಾಸವದು, ಮತ್ತು ನಮ್ಮ ಅನೇಕ ಹುಡುಗರು ದಿನಕ್ಕೆ ಒಂದರಲ್ಲಿ ನಿಲ್ಲಿಸುವುದಿಲ್ಲ.

ಕೋಲಾ, ಕಬ್ಬಿನ ಹಾಲು, ಜ್ಯೂಸ್

ಈ ಮೂರನ್ನು ಒಂದೇ ಸಾಲಿನಲ್ಲಿ ಇಟ್ಟಿದ್ದಕ್ಕೆ ಕೆಲವರಿಗೆ ಬೇಸರವಾಗಬಹುದು. ಆದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ, 100 ಮಿ.ಲೀ. ಕಬ್ಬಿನ ಹಾಲಿನಲ್ಲಿ 13ರಿಂದ 15 ಗ್ರಾಂ ಸಕ್ಕರೆ ಇದೆಯೆಂದೂ ಬೇಸಿಗೆಯಲ್ಲಿ ಅದನ್ನು ಮಿತಗೊಳಿಸಬೇಕೆಂದೂ ಹೇಳಿದೆ. 250 ಮಿ.ಲೀ. ಲೋಟದಲ್ಲಿ ಅದು 32ರಿಂದ 37 ಗ್ರಾಂ. ಅಷ್ಟೇ ಅಳತೆಯ ಕೋಲಾಕ್ಕಿಂತ ಹೆಚ್ಚು. ಕೋಲಾ ಬಿಟ್ಟು ದಿನವೂ ಕಬ್ಬಿನ ಹಾಲು ಕುಡಿಯತೊಡಗಿದ ಹುಡುಗನ ಹೊಟ್ಟೆಯ ಸುತ್ತಳತೆ ಇಳಿಯಲಿಲ್ಲವೆಂದರೆ ಆಶ್ಚರ್ಯಪಡಬೇಕಾಗಿಲ್ಲ. ವಾರಕ್ಕೊಮ್ಮೆ, ಮನಸ್ಸಾದಾಗ, ಸಣ್ಣ ಲೋಟದಲ್ಲಿ ಕುಡಿಯುವುದಾದರೆ ನಾನು ಕೋಲಾಕ್ಕಿಂತ ಕಬ್ಬಿನ ಹಾಲನ್ನೇ ಆರಿಸುತ್ತೇನೆ, ಗಾಣವೂ ಮಂಜುಗಡ್ಡೆಯೂ ಶುಚಿಯಾಗಿದ್ದರೆ. ನಿತ್ಯದ ಬದಲಿಯಾಗಿ ಅದನ್ನು ಖಂಡಿತ ಒಪ್ಪುವುದಿಲ್ಲ.

ಹಣ್ಣಿನ ಜ್ಯೂಸಿನಲ್ಲಿ ಎರಡು ಬಗೆ. ಪೊಟ್ಟಣದ ಮಾವಿನ ಪಾನೀಯದಲ್ಲಿ ಹಣ್ಣಿನ ತಿರುಳಿಗಿಂತ ನೀರೂ ಸಕ್ಕರೆಯೂ ಹೆಚ್ಚು. ಸಕ್ಕರೆಯ ವಿಷಯದಲ್ಲಿ ಅದು ಕೋಲಾದ ಪಕ್ಕದ ಮನೆಯೇ. ಶ್ರೀನಿವಾಸಪುರದ ತೋತಾಪುರಿ ಆಂಧ್ರದ ಚಿತ್ತೂರಿನ ತಿರುಳು ಕಾರ್ಖಾನೆಗಳಿಗೆ ಲಾರಿಗಟ್ಟಲೆ ಹೋಗುವುದು ನಮಗೆಲ್ಲ ತಿಳಿದದ್ದೇ. 2025ರ ಜೂನ್ ತಿಂಗಳಲ್ಲಿ ಅಲ್ಲಿನ ಜಿಲ್ಲಾಡಳಿತ ನಮ್ಮ ಹಣ್ಣನ್ನು ಒಳಬಿಡದಿದ್ದಾಗ ಇಲ್ಲಿನ ಬೆಳೆಗಾರರು ಪಟ್ಟ ಪಾಡನ್ನೂ ಕಂಡಿದ್ದೇವೆ. ಮಾವಿನ ಸೀಮೆಯ ಮಕ್ಕಳು ಹಣ್ಣನ್ನು ಬಿಟ್ಟು ತಿರುಳಿನ ಪೊಟ್ಟಣಕ್ಕೆ ಸ್ಟ್ರಾ ಚುಚ್ಚುವುದನ್ನು ನೋಡಿದಾಗ ನನಗೆ ತಡೆಯಲಾಗುವುದಿಲ್ಲ, ಅಂಗಡಿಯಲ್ಲೇ ಒಂದು ಮಾತು ಆಡಿಬಿಡುತ್ತೇನೆ. ಇನ್ನು 'ಶೇ 100 ಹಣ್ಣಿನ ರಸ' ಎಂದು ಬರೆದುಕೊಂಡ ಪೊಟ್ಟಣಗಳ ಮಾತು: ಸಾಂದ್ರೀಕರಿಸಿದ ರಸಕ್ಕೆ ಮತ್ತೆ ನೀರು ಬೆರೆಸಿ ಮಾಡಿದ ಪಾನೀಯಗಳ ಮೇಲೆ ಹಾಗೆ ಬರೆಯಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2024ರ ಜೂನ್‌ನಲ್ಲಿ ಸೂಚಿಸಿತು.

ಎದುರಿಗೇ ಹಿಂಡಿಕೊಡುವ ಮೂಸಂಬಿ, ದ್ರಾಕ್ಷಿ ಜ್ಯೂಸ್ ಎರಡನೆಯ ಬಗೆ. ಇದಕ್ಕೆ ಅಂಗಡಿಯವರು ಹಾಕುವ ಸಕ್ಕರೆಯೇ ಮೂರು ನಾಲ್ಕು ಚಮಚ ಆಗುವುದುಂಟು. 'ಸಕ್ಕರೆ ಬೇಡ, ಐಸ್ ಬೇಡ' ಎಂದು ಮೊದಲೇ ಹೇಳುವುದನ್ನು ಮಕ್ಕಳಿಗೆ ಅಭ್ಯಾಸ ಮಾಡಿಸಿದರೆ ಇದೇ ಜ್ಯೂಸ್ ಈ ಮೂರರಲ್ಲಿ ಮೇಲಿನದಾಗುತ್ತದೆ. ಆದರೂ ಐದು ವರ್ಷ ದಾಟಿದ ಮಕ್ಕಳಿಗೆ ಹಣ್ಣಿನ ರಸ ದಿನಕ್ಕೆ 250 ಮಿ.ಲೀ. ಮೀರಬಾರದೆಂಬುದು ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯ ಮಾತು. ಚಿಕ್ಕಬಳ್ಳಾಪುರದ ದ್ರಾಕ್ಷಿಯನ್ನು ಗೊಂಚಲಾಗಿ ಕೈಗೆ ಕೊಟ್ಟರೆ ಈ ಲೆಕ್ಕವೇ ಬೇಕಾಗುವುದಿಲ್ಲ.

ಎನರ್ಜಿ ಡ್ರಿಂಕ್ ಮತ್ತು ಓಆರ್‌ಎಸ್ ವೇಷದ ಪೊಟ್ಟಣ

ಪರೀಕ್ಷೆಯ ಕಾಲದಲ್ಲಿ ಹಾಸ್ಟೆಲುಗಳ ಸುತ್ತ ಹೆಚ್ಚು ಖರ್ಚಾಗುವುದು ಇದು. ಅಗ್ಗದ ಎನರ್ಜಿ ಡ್ರಿಂಕ್‌ಗಳಲ್ಲಿ ಕೆಲವದರ ಸಕ್ಕರೆ ಕೋಲಾಕ್ಕಿಂತ ಕಡಿಮೆಯಿರುವುದನ್ನು ಹುಡುಗರೇ ಪಟ್ಟಿ ಓದಿ ನನಗೆ ತೋರಿಸಿದ್ದಾರೆ; ಅಂಕಿ ನಿಜ, ವಾದ ಸರಿಯಲ್ಲ. ನಮ್ಮ ದೇಶದ ಮಾನದಂಡದಂತೆ ಇಂಥ ಪಾನೀಯದಲ್ಲಿ ಲೀಟರಿಗೆ 145ರಿಂದ 300 ಮಿಲಿಗ್ರಾಂ ಕೆಫೀನ್ ಇರಬಹುದು. 250 ಮಿ.ಲೀ.ಯಲ್ಲಿ 75 ಮಿಲಿಗ್ರಾಂವರೆಗೆ ಎಂದಾಯಿತು, ಎಂದರೆ ಒಂದು ಲೋಟ ಗಟ್ಟಿ ಕಾಫಿಯ ಹತ್ತಿರ. ರಾತ್ರಿ ಹನ್ನೊಂದಕ್ಕೆ ಅದನ್ನು ಕುಡಿದವನು ಎರಡು ಗಂಟೆಯವರೆಗೆ ಎಚ್ಚರವಾಗಿದ್ದು, ಆ ಹೊತ್ತಿನಲ್ಲಿ ಹಸಿವಾಗಿ ಚಿಪ್ಸ್ ಒಡೆಯುತ್ತಾನೆ, ಬೆಳಿಗ್ಗೆ ತಿಂಡಿ ತಪ್ಪಿಸಿ ಬಸ್ಸು ಹತ್ತುತ್ತಾನೆ. ನಿದ್ದೆಗೆಟ್ಟ ಹದಿಹರೆಯದ ದೇಹಕ್ಕೆ ತೂಕ ಏರುವ ದಾರಿ ಅಲ್ಲಿಂದಲೂ ತೆರೆಯುತ್ತದೆ. ಮಕ್ಕಳಿಗೆ ತಕ್ಕದ್ದಲ್ಲ ಎಂದು ಬಾಟಲಿಯ ಮೇಲೆಯೇ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಇಡೀ ಹೋಲಿಕೆಯಲ್ಲಿ ನಾನು ಪೂರ್ತಿ ಬೇಡ ಎನ್ನುವುದು ಇದೊಂದನ್ನೇ.

ಹಣ್ಣಿನ ರುಚಿಯ, ಓಆರ್‌ಎಸ್ ಹೆಸರಿನ ಪೊಟ್ಟಣಗಳನ್ನು ಆಟೋಟದ ದಿನ ಮಕ್ಕಳ ಕೈಗೆ ಕೊಡುವ ಪದ್ಧತಿ ಬಹಳ ಕಾಲ ನಡೆಯಿತು. ವಾಂತಿಭೇದಿಗೆ ಕೊಡುವ ನಿಜವಾದ ಓಆರ್‌ಎಸ್‌ನಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್ ಮಾತ್ರ ಇರುತ್ತದೆ. ಆ ಹೆಸರಿನ ಸಿಹಿಪಾನೀಯಗಳಲ್ಲಿ ಅದರ ಹಲವು ಪಟ್ಟು ಸಕ್ಕರೆ ಇತ್ತು. ಇಂಥ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಪದವನ್ನೇ ಬಳಸಕೂಡದೆಂದು 2025ರ ಅಕ್ಟೋಬರ್‌ನಲ್ಲಿ ಆದೇಶವಾಯಿತು. ಕಬಡ್ಡಿ ಆಡಿ ಬಂದವರಿಗೆ ನೀರು, ಉಪ್ಪು ಹಾಕಿದ ಮಜ್ಜಿಗೆ ಸಾಕು.

ಮಜ್ಜಿಗೆ, ಎಳನೀರು, ರಾಗಿ

ಮಜ್ಜಿಗೆಯನ್ನು ನಾನು ಮೊದಲ ಸ್ಥಾನದಲ್ಲಿ ಇಡುತ್ತೇನೆ. ಹಾಲಿನ ಡೇರಿಯಿಲ್ಲದ ಹಳ್ಳಿ ನಮ್ಮಲ್ಲಿ ಅಪರೂಪ. ಆದರೂ ಹಿತ್ತಲ ಗಿಡ ಮದ್ದಲ್ಲ ಎಂಬಂತೆ ಮನೆಯ ಮಜ್ಜಿಗೆಗೆ ಬಾಟಲಿಯ ಗತ್ತಿಲ್ಲ. ಸಕ್ಕರೆ ಬೆರೆಸಿಲ್ಲ, ಒಂದು ಲೋಟ ತಿಳಿಮಜ್ಜಿಗೆಯ ಕ್ಯಾಲೊರಿ ಕೋಲಾದ ಅರ್ಧಕ್ಕೂ ಬರುವುದಿಲ್ಲ, ಬಾಯಾರಿಕೆಯೂ ತೀರುತ್ತದೆ. ಪ್ಯಾಕೆಟ್ ಮಜ್ಜಿಗೆ ಕೋಲಾದ ಅರ್ಧ ಬೆಲೆಗೆ ಸಿಗುತ್ತದೆ. ಅದರಲ್ಲಿ ಉಪ್ಪು ಸ್ವಲ್ಪ ಮುಂದೆಯಾದ್ದರಿಂದ ದಿನಕ್ಕೆ ಒಂದಕ್ಕೆ ನಿಲ್ಲಿಸಿದರೆ ಒಳ್ಳೆಯದು. ಸಿಹಿ ಲಸ್ಸಿಯನ್ನು ಮಾತ್ರ ಮಜ್ಜಿಗೆಯ ತಂಗಿಯೆಂದು ಭಾವಿಸಬೇಡಿ, ಅದು ಸಿಹಿತಿಂಡಿಯ ಕುಲಕ್ಕೆ ಸೇರಿದ್ದು. ಬಾದಾಮಿ ಹಾಲೂ ಹಾಗೆಯೇ.

ಎಳನೀರಿನಲ್ಲಿ 100 ಮಿ.ಲೀ.ಗೆ ಹದಿನೈದಿಪ್ಪತ್ತು ಕ್ಯಾಲೊರಿ, ಜೊತೆಗೆ ಪೊಟ್ಯಾಸಿಯಂ. ಗುಣದಲ್ಲಿ ದೋಷ ಹುಡುಕುವಂತಿಲ್ಲ, ದೋಷವಿರುವುದು ಬೆಲೆಯಲ್ಲಿ. ತಿಪಟೂರಿನ ಕೊಬ್ಬರಿ ಮಾರುಕಟ್ಟೆಗೆ ಹೆಸರಾದ ತುಮಕೂರು ಜಿಲ್ಲೆಯಲ್ಲೂ ಪೇಟೆಯ ಎಳನೀರು ಐವತ್ತು ರೂಪಾಯಿ ಮುಟ್ಟಿರುವಾಗ, ಇಪ್ಪತ್ತು ರೂಪಾಯಿ ಹಿಡಿದು ನಿಂತ ವಿದ್ಯಾರ್ಥಿಗೆ ಎಳನೀರು ಕುಡಿ ಎಂದು ಉಪದೇಶಿಸುವುದು ನನಗೆ ನಾಚಿಕೆಯ ಮಾತಾಗಿ ತೋರುತ್ತದೆ. ತೋಟವಿರುವ ಮನೆಯವರಿಗೆ ಮಾತ್ರ ಈ ಸಲಹೆ.

ಪಪ್ಸ್ ಮತ್ತು ಬಾಟಲಿಯ ಜೋಡಿಗೆ ನಿಜವಾದ ಎದುರಾಳಿಯೆಂದರೆ ರಾಗಿ. ಮನೆ ಬಿಡುವ ಐದು ನಿಮಿಷದಲ್ಲಿ ಕುಡಿಯಬಹುದಾದ ರಾಗಿ ಅಂಬಲಿಗೆ ಮಜ್ಜಿಗೆ, ಉಪ್ಪು, ಈರುಳ್ಳಿ ಬೆರೆಸಿದರೆ ಸಕ್ಕರೆಯ ಮಾತೇ ಬರುವುದಿಲ್ಲ. ಗಟ್ಟಿಯಾಗಿರುವುದರಿಂದ ಹನ್ನೊಂದು ಗಂಟೆಯವರೆಗೆ ಹೊಟ್ಟೆ ತಡೆಯುತ್ತದೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಸುಣ್ಣದಂಶವಿದೆ, ಎಲುಬು ಬೆಳೆಯುವ ವಯಸ್ಸಿಗೆ ಅದು ಬೇಕಾದದ್ದು. ಸರ್ಕಾರಿ ಶಾಲೆಗಳಲ್ಲಿ ಕ್ಷೀರಭಾಗ್ಯದ ಹಾಲಿನೊಂದಿಗೆ ವಾರಕ್ಕೆ ಮೂರು ದಿನ ರಾಗಿ ಮಾಲ್ಟ್ ಕೊಡುವ ಯೋಜನೆ 2024ರ ಫೆಬ್ರುವರಿಯಲ್ಲಿ ಆರಂಭವಾಯಿತು, ಅದರ ಮಿಶ್ರಣವನ್ನು ಒದಗಿಸಲು ಮುಂದೆ ಬಂದದ್ದು ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯ ಸತ್ಯಸಾಯಿ ಅನ್ನಪೂರ್ಣ ಟ್ರಸ್ಟ್. ಹತ್ತನೆಯ ತರಗತಿಯವರೆಗೆ ಅದನ್ನು ಕುಡಿದ ಮಕ್ಕಳು ಪಿಯುಗೆ ಬಂದ ಕೂಡಲೇ ಬೇಕರಿಗೆ ಬೀಳುತ್ತಾರೆ. ಮನೆಯಲ್ಲಿ ರಾಗಿಯನ್ನು ಸಿಹಿಯಾಗಿಯೇ ಮಾಡುವುದಾದರೆ ಬೆಲ್ಲ ಒಂದು ಚಮಚಕ್ಕೆ ನಿಲ್ಲಲಿ. ಅಂಗಡಿಯ ಚಾಕೊಲೇಟ್ ಮಾಲ್ಟ್ ಪುಡಿಗಳ ತೂಕದಲ್ಲಿ ಸಕ್ಕರೆಯ ಪಾಲು ದೊಡ್ಡದು. ಅವನ್ನು ಆನ್‌ಲೈನ್ ಮಾರಾಟದಲ್ಲಿ 'ಹೆಲ್ತ್ ಡ್ರಿಂಕ್' ಎಂಬ ವರ್ಗದಲ್ಲಿ ತೋರಿಸಬಾರದೆಂದು ಕೇಂದ್ರ ವಾಣಿಜ್ಯ ಸಚಿವಾಲಯ 2024ರ ಏಪ್ರಿಲ್‌ನಲ್ಲಿ ತಿಳಿಸಿದೆ.

ಟೀ ಅಂಗಡಿಯ ಲೋಟ ಚಿಕ್ಕದೆಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಎರಡು ಚಮಚ ಸಕ್ಕರೆಯ ಮೂರು ಟೀ ಒಂದು ಕೋಲಾಕ್ಕೆ ಸಮ.

ಸಕ್ಕರೆಯಿಲ್ಲದ ಕೋಲಾ ಮತ್ತು ನೀರು

'ಜೀರೋ', 'ಡಯಟ್' ಎಂದು ಬರೆದ ಬಾಟಲಿಗಳ ಬಗ್ಗೆ ಎರಡು ಮಾತುಗಳಿವೆ, ಎರಡೂ ನಿಜ. ಮೇಲೆ ಹೇಳಿದ ನೆದರ್ಲೆಂಡ್ಸ್ ಅಧ್ಯಯನದಲ್ಲಿ ಕಡಿಮೆ ತೂಕ ಏರಿದ ಮಕ್ಕಳು ಕುಡಿದದ್ದು ಕೃತಕ ಸಿಹಿಯ ಪಾನೀಯವನ್ನೇ. ಆದರೆ ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲಿ, ತೂಕ ನಿಯಂತ್ರಣಕ್ಕೆಂದು ಇಂಥ ಸಿಹಿಕಾರಕಗಳನ್ನು ಆಶ್ರಯಿಸಬೇಡಿ, ದೂರದ ಕಾಲಕ್ಕೆ ಪ್ರಯೋಜನ ಕಂಡುಬಂದಿಲ್ಲ ಎಂದಿತು. ದಿನಕ್ಕೆ ಎರಡು ಕೋಲಾ ಕುಡಿಯುವವನಿಗೆ ಕೆಲವು ವಾರಗಳ ಮೆಟ್ಟಿಲಾಗಿ ಅದು ನಡೆಯಬಹುದು. ಕೋಲಾ ಕುಡಿಯದವನಿಗೆ ಅದನ್ನು ಪರಿಚಯಿಸಲು ಕಾರಣವೇ ಇಲ್ಲ.

ನೀರೇ ಉತ್ತಮ ಎಂದು ಎಲ್ಲರೂ ಬರೆಯುತ್ತಾರೆ. ನಮ್ಮ ಸೀಮೆಯಲ್ಲಿ ಈ ಮಾತು ಅಷ್ಟು ಸಲೀಸಲ್ಲ. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆಯ ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದರಿಂದ ಹಲ್ಲಿನ ಮೇಲೆ ಕಂದು ಗೆರೆ ಮೂಡಿದ ಮಕ್ಕಳು ಪ್ರತಿ ತರಗತಿಯಲ್ಲೂ ಸಿಗುತ್ತಾರೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಎಂಬುದು ಭಾರತೀಯ ಮಾನಕ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಕಾಲೇಜಿನ ನಲ್ಲಿಯ ನೀರು ಸಪ್ಪೆಯಾಗಿಯೋ ಒಗರಾಗಿಯೋ ಇರುವ ಕಡೆ ಮಕ್ಕಳು ಬಾಟಲಿಯ ಮೊರೆ ಹೋಗುವುದು ಚಪಲದಿಂದ ಮಾತ್ರ ಎಂದು ನಾನು ಹೇಳಲಾರೆ. ಊರಿನ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನಿನ ನೀರನ್ನು ಒಂದು ಲೀಟರಿನ ಸ್ಟೀಲ್ ಬಾಟಲಿಯಲ್ಲಿ ತುಂಬಿ ಕಳಿಸುವುದೇ ಈ ಇಡೀ ಹೋಲಿಕೆಯಲ್ಲಿ ಅತ್ಯಂತ ಅಗ್ಗದ ಆಯ್ಕೆ. ಬೇಸಿಗೆಯಲ್ಲಿ ಅದಕ್ಕೆ ನಾಲ್ಕು ಹನಿ ನಿಂಬೆರಸ, ಚಿಟಿಕೆ ಉಪ್ಪು ಸೇರಿದರೆ ಮಕ್ಕಳು ಬೇಡವೆನ್ನುವುದಿಲ್ಲ.

ಮನೆಯಲ್ಲಿ ನಡೆಯಬೇಕಾದದ್ದು

ಶಾಲೆಯ ಆವರಣದಲ್ಲಿ ಮತ್ತು ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸನ್ನು ಮಾರಬಾರದೆಂಬ ನಿಯಮ 2020ರಿಂದ ಇದೆ. ಐವತ್ತೊಂದನೆಯ ಮೀಟರಿನಲ್ಲಿ ಬೇಕರಿ ಇದೆ. ಆದ್ದರಿಂದ ಮನೆಯ ಏರ್ಪಾಡಿನ ಮೇಲೆಯೇ ನನಗೆ ಹೆಚ್ಚು ಭರವಸೆ. ಬಾಸ್ಟನ್ ನಗರದಲ್ಲಿ ತೂಕ ಹೆಚ್ಚಿದ್ದ 224 ಹದಿಹರೆಯದವರಲ್ಲಿ ಸುಮಾರು ಅರ್ಧದಷ್ಟು ಮಂದಿಯ ಮನೆಗಳಿಗೆ ಒಂದು ವರ್ಷ ನೀರು ಮತ್ತು ಸಕ್ಕರೆರಹಿತ ಪಾನೀಯಗಳನ್ನು ತಲುಪಿಸಿದ ಪ್ರಯೋಗವೊಂದು ನಡೆಯಿತು; ಅದರ ಫಲಿತಾಂಶವೂ 2012ರಲ್ಲೇ ಬಂತು. ವರ್ಷದ ಕೊನೆಗೆ ಅವರ ತೂಕ ಉಳಿದವರಿಗಿಂತ ಸರಾಸರಿ 1.9 ಕಿಲೋ ಕಡಿಮೆ ಏರಿತ್ತು. ಪೂರೈಕೆ ನಿಂತ ಮೇಲೆ ಇನ್ನೊಂದು ವರ್ಷ ಕಳೆಯುವಷ್ಟರಲ್ಲಿ ಗಣನೀಯ ವ್ಯತ್ಯಾಸ ಉಳಿದಿರಲಿಲ್ಲ. ಮಗುವಿನ ಮನಸ್ಸಿನ ದೃಢತೆಗಿಂತ ಫ್ರಿಜ್ಜಿನಲ್ಲಿ ಏನಿದೆ ಎಂಬುದೇ ದೊಡ್ಡದಾಗಿತ್ತು.

ಮಗು ನಿಜಕ್ಕೂ ದಪ್ಪವೇ ಎಂಬುದನ್ನು ಕಣ್ಣಳತೆಯಲ್ಲಿ, ನೆಂಟರ ಮಾತಿನಲ್ಲಿ ತೀರ್ಮಾನಿಸಬೇಡಿ. ಬೆಳೆಯುವ ವಯಸ್ಸಿನವರಿಗೆ ದೊಡ್ಡವರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) ಅಂಕಿ ನೇರವಾಗಿ ಹೊಂದುವುದಿಲ್ಲ. ವಯಸ್ಸು, ಲಿಂಗಕ್ಕೆ ತಕ್ಕ ಬೆಳವಣಿಗೆಯ ನಕ್ಷೆ ಮಕ್ಕಳ ವೈದ್ಯರ ಬಳಿ ಇರುತ್ತದೆ. 2016ರಿಂದ 18ರವರೆಗೆ ದೇಶದಾದ್ಯಂತ ನಡೆದ ಮಕ್ಕಳ ಪೋಷಣಾ ಸಮೀಕ್ಷೆಯಲ್ಲಿ 10ರಿಂದ 19 ವರ್ಷದವರಲ್ಲಿ ಶೇ 5ರಷ್ಟು ಮಂದಿಗೆ ತೂಕ ಹೆಚ್ಚಿದ್ದರೆ, ಶೇ 24ರಷ್ಟು ಮಂದಿ ವಯಸ್ಸಿಗೆ ತಕ್ಕದ್ದಕ್ಕಿಂತ ತೆಳ್ಳಗಿದ್ದರು. ನನ್ನ ತರಗತಿಯಲ್ಲೂ ಎರಡೂ ಬಗೆಯವರು ಒಂದೇ ಬೆಂಚಿನಲ್ಲಿ ಕೂತು ಒಂದೇ ಬಾಟಲಿ ಹಂಚಿಕೊಳ್ಳುತ್ತಾರೆ. ತೆಳ್ಳಗಿರುವ ಹುಡುಗಿಗೆ ಕೋಲಾ ಪರವಾಗಿಲ್ಲ ಎಂದು ಇದರ ಅರ್ಥವಲ್ಲ. ಅವಳ ಪಾಲಿನ ಹಾಲು, ಮುದ್ದೆಯ ಜಾಗವನ್ನು ಆ ಬಾಟಲಿ ಕಬಳಿಸುತ್ತಿರುತ್ತದೆ.

ಕೊಂಡು ತರುವುದೇ ಆದರೆ ದೊಡ್ಡ ಬಾಟಲಿಗಿಂತ ಚಿಕ್ಕದನ್ನು ಆರಿಸಿ. ಎರಡು ಲೀಟರಿನದ್ದು ಲೆಕ್ಕಕ್ಕೆ ಅಗ್ಗ, ಅದಕ್ಕೇ ಹಬ್ಬಕ್ಕೆಂದು ತಂದದ್ದು ಫ್ರಿಜ್ಜಿನ ಬಾಗಿಲಲ್ಲಿ ನಾಲ್ಕು ದಿನ ನಿಲ್ಲುತ್ತದೆ, ಬಾಗಿಲು ತೆರೆದವರೆಲ್ಲ ಒಂದೊಂದು ಗುಟುಕು ಕುಡಿಯುತ್ತಾರೆ. ಜಾತ್ರೆಯ ದಿನ ಗೋಲಿ ಸೋಡಾ, ಮದುವೆ ಮನೆಯಲ್ಲಿ ಒಂದು ಲೋಟ ಕೂಲ್‌ಡ್ರಿಂಕ್ಸ್ ಕುಡಿದ ಮಗುವನ್ನು ಗದರಬೇಕಾಗಿಲ್ಲ. ಸೋಮವಾರದಿಂದ ಶನಿವಾರದವರೆಗಿನ ಎಂಟೂವರೆ ಗಂಟೆಯ ಬಾಟಲಿಯ ಬಗ್ಗೆ ಮಾತ್ರ ವಿಚಾರಿಸಿ, ಅದೂ ತಿಂಡಿ ಡಬ್ಬಿ ಕೈಗಿಟ್ಟ ಮೇಲೆ.